ಕಲ್ಲಿದ್ದಲಿನ ಹೊಗೆ, ಅಳಿವೆಯ ನೀರು ಮತ್ತು ನಮ್ಮ ಉಸಿರು



ಆರೋಗ್ಯವೆಂದರೆ ಔಷಧ, ಪಥ್ಯ, ವ್ಯಾಯಾಮಗಳಷ್ಟೇ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಉಣ್ಣುವ ಅನ್ನವನ್ನು ಆರಿಸಿಕೊಳ್ಳಬಹುದು. ಕುಡಿಯುವ ನೀರನ್ನು ಸೋಸಿ, ಕಾಯಿಸಿ ಕುಡಿಯಬಹುದು. ಆದರೆ ಉಸಿರಾಡುವ ಗಾಳಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ವಯಸ್ಕನೊಬ್ಬನು ದಿನವೊಂದಕ್ಕೆ ಹತ್ತು ಸಾವಿರ ಲೀಟರಿಗೂ ಮಿಕ್ಕಿ ಗಾಳಿಯನ್ನು ಒಳಗೆಳೆದುಕೊಳ್ಳುತ್ತಾನೆ. ಆ ಗಾಳಿಯಲ್ಲಿ ಏನಿದೆಯೋ ಅದೆಲ್ಲವೂ ಶ್ವಾಸಕೋಶವನ್ನು ಮುಟ್ಟಿಯೇ ಹೊರಬರುತ್ತದೆ; ಕೆಲವು ಅಂಶಗಳು ಹೊರಬರುವುದೇ ಇಲ್ಲ. ಆದ್ದರಿಂದ ಗಾಳಿಯನ್ನು ಕೆಡಿಸುವ ಕಾರಣಗಳಲ್ಲಿ ಪ್ರಮುಖವಾದ ಕಲ್ಲಿದ್ದಲಿನ ದಹನವನ್ನು ಕುರಿತು, ಉತ್ತರ ಕನ್ನಡದ ಕುಮಟಾ, ಹೊನ್ನಾವರ, ಭಟ್ಕಳ ಸೀಮೆಯನ್ನು ಮುಂದಿಟ್ಟುಕೊಂಡು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ.

ಈ ಮೂರೂ ತಾಲ್ಲೂಕುಗಳಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ತು ತಯಾರಿಸುವ ದೊಡ್ಡ ಸ್ಥಾವರ ಒಂದೂ ಇಲ್ಲ. ಹಾಗಿದ್ದರೆ ಈ ಸೀಮೆಯನ್ನೇಕೆ ಆರಿಸಿಕೊಂಡೆವು ಎಂದು ಕೇಳಬಹುದು. ಸ್ಥಾವರ ಬರುವುದರಲ್ಲಿತ್ತು, ಬರಲಿಲ್ಲ. ಅದು ಬಂದಿದ್ದರೆ ಏನಾಗುತ್ತಿತ್ತು, ಬಾರದಿದ್ದುದರಿಂದ ಏನು ಉಳಿಯಿತು, ಉಳಿಸಿಕೊಂಡವರ ಮೇಲೆ ಯಾವ ಹೊಣೆ ಬಿತ್ತು ಎಂಬುದೇ ಈ ಪಾಠದ ಸಾರ.

ಇದ್ದಿಲು ಮತ್ತು ಕಲ್ಲಿದ್ದಲು

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳೋಣ. ಕಟ್ಟಿಗೆಯನ್ನು ಗಾಳಿ ಸಾಲದಂತೆ ಸುಟ್ಟಾಗ ದೊರೆಯುವುದು ಇದ್ದಿಲು. ಕಮ್ಮಾರನ ಕುಲುಮೆಯಲ್ಲಿ, ಇಸ್ತ್ರಿ ಪೆಟ್ಟಿಗೆಯಲ್ಲಿ ನಾವು ಕಾಣುವುದು ಇದನ್ನೇ. ಕಲ್ಲಿದ್ದಲಾದರೋ ಕೋಟ್ಯಂತರ ವರ್ಷಗಳ ಹಿಂದೆ ಜೌಗು ನೆಲದಲ್ಲಿ ಹೂತುಹೋದ ಸಸ್ಯರಾಶಿಯು ಭೂಮಿಯ ಒತ್ತಡ ಮತ್ತು ಶಾಖಗಳಿಂದ ಮಾರ್ಪಟ್ಟು ಉಂಟಾದ ಖನಿಜ. ಅದರ ಮುಖ್ಯಾಂಶ ಇಂಗಾಲ. ಜೊತೆಗೆ ಗಂಧಕ, ಸಾರಜನಕ, ಮಣ್ಣಿನ ಅಂಶ, ಅತ್ಯಲ್ಪ ಪ್ರಮಾಣದಲ್ಲಿ ಪಾದರಸ, ಆರ್ಸೆನಿಕ್, ಸೀಸ ಮೊದಲಾದವೂ ಸೇರಿಕೊಂಡಿರುತ್ತವೆ. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಪ್ರಮಾಣ ಹೆಚ್ಚು. ಸಾಮಾನ್ಯವಾಗಿ ತೂಕದ ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ಬೂದಿಯಾಗಿಯೇ ಉಳಿಯುತ್ತದೆ. ಹಡಗಿನಲ್ಲಿ ಬರುವ ಇಂಡೋನೇಷ್ಯಾ ಮೊದಲಾದ ದೇಶಗಳ ಕಲ್ಲಿದ್ದಲಿನಲ್ಲಿ ಬೂದಿ ಇದಕ್ಕಿಂತ ಬಹಳ ಕಡಿಮೆ.

ಮಾನವನು ಕಲ್ಲಿದ್ದಲನ್ನು ಮೊದಲು ಬಳಸಿದ್ದು ವಿದ್ಯುತ್ತಿಗಲ್ಲ, ಶಾಖಕ್ಕೆ. ಚಳಿನಾಡುಗಳ ಮನೆಮನೆಯ ಒಲೆಗಳಲ್ಲಿ ಅದು ಉರಿಯುತ್ತಿತ್ತು. ಅದರ ಪರಿಣಾಮವೇನೆಂಬುದನ್ನು 1952ರ ಡಿಸೆಂಬರ್ ತಿಂಗಳಿನಲ್ಲಿ ಲಂಡನ್ ನಗರವು ಕಂಡಿತು. ಗಾಳಿ ಚಲಿಸದ ಐದು ದಿನಗಳ ಕಾಲ ಕಲ್ಲಿದ್ದಲಿನ ಹೊಗೆಯು ಮಂಜಿನೊಡನೆ ಬೆರೆತು ಊರನ್ನು ಮುಚ್ಚಿತು. ಸುಮಾರು ನಾಲ್ಕು ಸಾವಿರ ಮಂದಿ ಸತ್ತರೆಂದು ಆಗ ಲೆಕ್ಕ ಹಾಕಲಾಯಿತು. ಅನಂತರದ ಅಧ್ಯಯನಗಳು ಆ ಸಂಖ್ಯೆಯನ್ನು ಹನ್ನೆರಡು ಸಾವಿರದವರೆಗೂ ಏರಿಸಿವೆ. ಸತ್ತವರಲ್ಲಿ ಹೆಚ್ಚಿನವರು ವೃದ್ಧರು, ಶಿಶುಗಳು ಮತ್ತು ಮೊದಲೇ ಎದೆಯ ಕಾಯಿಲೆಯಿದ್ದವರು. ಇದಾದ ಮೇಲೆಯೇ 1956ರಲ್ಲಿ ಬ್ರಿಟನ್ನಿನಲ್ಲಿ ಶುದ್ಧಗಾಳಿ ಕಾಯಿದೆ ಬಂದಿತು.

ಉರಿಯಿಂದ ವಿದ್ಯುತ್ತು

ಉಷ್ಣವಿದ್ಯುತ್ ಸ್ಥಾವರದ ಕೆಲಸವನ್ನು ಅಡುಗೆಮನೆಯ ಉದಾಹರಣೆಯಿಂದಲೇ ತಿಳಿಯಬಹುದು. ಪಾತ್ರೆಯ ನೀರು ಕುದಿದಾಗ ಆವಿಯು ಮುಚ್ಚಳವನ್ನು ಎತ್ತುತ್ತದೆ. ಸ್ಥಾವರದಲ್ಲಿ ಕಲ್ಲಿದ್ದಲನ್ನು ಹಿಟ್ಟಿನಂತೆ ಪುಡಿಮಾಡಿ ಉರಿಸಿ, ಆ ಶಾಖದಿಂದ ಅತಿ ಒತ್ತಡದ ಆವಿಯನ್ನು ಪಡೆದು, ಅದರಿಂದ ದೊಡ್ಡ ಚಕ್ರವನ್ನು ತಿರುಗಿಸುತ್ತಾರೆ. ಚಕ್ರಕ್ಕೆ ಜೋಡಿಸಿದ ಯಂತ್ರವು ವಿದ್ಯುತ್ತನ್ನು ಉತ್ಪಾದಿಸುತ್ತದೆ. ಅನಂತರ ಆವಿಯನ್ನು ತಣಿಸಿ ಮತ್ತೆ ನೀರಾಗಿಸಬೇಕು. ತಣಿಸುವುದಕ್ಕೆ ಅಪಾರ ನೀರು ಬೇಕು. ಇಂಥ ಸ್ಥಾವರಗಳು ನದಿಯ ದಡವನ್ನೋ ಕಡಲ ಕರೆಯನ್ನೋ ಹುಡುಕುವುದು ಇದೇ ಕಾರಣದಿಂದ. ರಾಯಚೂರಿನ ಶಕ್ತಿನಗರದಲ್ಲಿ ಕೃಷ್ಣೆಯ ದಡದ ಮೇಲಿರುವ ಸ್ಥಾವರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಇಂದು ಅದರ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಬಳ್ಳಾರಿಯ ಕುಡಿತಿನಿ, ರಾಯಚೂರಿನ ಯರಮರಸ್, ಉಡುಪಿಯ ಎಲ್ಲೂರುಗಳಲ್ಲಿಯೂ ಇಂಥ ಸ್ಥಾವರಗಳಿವೆ. ನಮ್ಮ ದೇಶದಲ್ಲಿ ತಯಾರಾಗುವ ವಿದ್ಯುತ್ತಿನ ಸುಮಾರು ನಾಲ್ಕರಲ್ಲಿ ಮೂರು ಪಾಲು ಕಲ್ಲಿದ್ದಲಿನದೇ.

ಇಲ್ಲಿ ನೆನಪಿಡಬೇಕಾದ ಸಂಗತಿಯೊಂದಿದೆ. ಉರಿಸಿದ ಕಲ್ಲಿದ್ದಲಿನ ಶಾಖದಲ್ಲಿ ವಿದ್ಯುತ್ತಾಗಿ ಪರಿವರ್ತನೆಯಾಗುವುದು ಹೆಚ್ಚೂಕಡಿಮೆ ಮೂರನೆಯ ಒಂದು ಭಾಗ ಮಾತ್ರ. ಉಳಿದ ಎರಡು ಭಾಗ ಶಾಖವು ನೀರಿಗೂ ಗಾಳಿಗೂ ಸೇರಿಹೋಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನ ಲೆಕ್ಕದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ಅದರಿಂದ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಆಕಾಶಕ್ಕೆ ಸೇರುತ್ತದೆ. ಕಲ್ಲಿದ್ದಲಿಗಿಂತ ಹೊಗೆಯ ತೂಕ ಹೆಚ್ಚಾದುದು ಹೇಗೆಂದು ಅಚ್ಚರಿಪಡಬೇಕಾಗಿಲ್ಲ. ಇಂಗಾಲವು ಉರಿಯುವಾಗ ಗಾಳಿಯ ಆಮ್ಲಜನಕವನ್ನು ಕೂಡಿಸಿಕೊಳ್ಳುತ್ತದೆ. ಆ ತೂಕವೂ ಸೇರುತ್ತದೆ.

ಹೊಗೆಯಲ್ಲಿರುವುದೇನು?

ಕಣ್ಣಿಗೆ ಕಾಣುವ ಕಪ್ಪು ಹೊಗೆಯೇ ಅಪಾಯ, ಬಿಳಿಯ ಹೊಗೆ ನಿರಪಾಯ ಎಂಬ ನಂಬಿಕೆ ಸರಿಯಲ್ಲ. ಕಲ್ಲಿದ್ದಲಿನ ದಹನದಿಂದ ಹೊರಬರುವ ಹಾನಿಕಾರಕ ವಸ್ತುಗಳು ಮುಖ್ಯವಾಗಿ ಐದು.

ಒಂದನೆಯದು ಹಾರುಬೂದಿ. ಸ್ಥಾವರಗಳಲ್ಲಿರುವ ವಿದ್ಯುತ್ ಶೋಧಕಗಳು ಇದರ ಬಹುಭಾಗವನ್ನು ಹಿಡಿದಿಡುತ್ತವೆ. ಹಿಡಿದ ಬೂದಿಯನ್ನು ಕೊಳಗಳಲ್ಲಿ ಶೇಖರಿಸುತ್ತಾರೆ. ಸಿಮೆಂಟಿಗೂ ಇಟ್ಟಿಗೆಗೂ ಬಳಸುತ್ತಾರೆ. ಬೂದಿಕೊಳ ಒಣಗಿದಾಗ ಗಾಳಿಗೆ ಹಾರುತ್ತದೆ. ತಳ ಭದ್ರವಿಲ್ಲದಿದ್ದರೆ ಅದರ ವಿಷಾಂಶಗಳು ಬಾವಿಯ ನೀರಿಗೆ ಇಳಿಯುತ್ತವೆ.

ಎರಡನೆಯದು ಅತಿಸೂಕ್ಷ್ಮ ಕಣಗಳು. ಪಿಎಂ 2.5 ಎಂದು ಕರೆಯಲ್ಪಡುವ ಇವುಗಳ ಅಗಲ ತಲೆಗೂದಲಿನ ಅಗಲದ ಇಪ್ಪತ್ತೈದನೆಯ ಒಂದು ಭಾಗಕ್ಕೂ ಕಡಿಮೆ.

ಮೂರನೆಯದು ಗಂಧಕದ ಡೈಆಕ್ಸೈಡ್. ಇದು ಗಂಟಲನ್ನೂ ಶ್ವಾಸನಾಳವನ್ನೂ ಕೆರಳಿಸುತ್ತದೆ. ಆಕಾಶದಲ್ಲಿ ತೇವಾಂಶದೊಡನೆ ಕೂಡಿ ಆಮ್ಲಮಳೆಯಾಗಬಲ್ಲದು; ಗಾಳಿಯಲ್ಲಿಯೇ ಮಾರ್ಪಟ್ಟು ಹೊಸ ಸೂಕ್ಷ್ಮ ಕಣಗಳಾಗಿ ನೂರಾರು ಕಿಲೋಮೀಟರ್ ಸಾಗಬಲ್ಲದು. ಎತ್ತರದ ಚಿಮಣಿಯು ಹೊಗೆಯನ್ನು ದೂರಕ್ಕೆ ಹರಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ.

ನಾಲ್ಕನೆಯದು ಸಾರಜನಕದ ಆಕ್ಸೈಡ್‌ಗಳು. ಬಿಸಿಲಿನಲ್ಲಿ ಇವು ಇತರ ಅನಿಲಗಳೊಡನೆ ಕೂಡಿ ನೆಲಮಟ್ಟದ ಓಜೋನನ್ನು ಉಂಟುಮಾಡುತ್ತವೆ. ಮೇಲಿನ ಆಕಾಶದಲ್ಲಿ ನಮ್ಮನ್ನು ಕಾಯುವ ಓಜೋನು ನಾವು ಉಸಿರಾಡುವ ಮಟ್ಟದಲ್ಲಿದ್ದರೆ ಎದೆಗೂ ಬೆಳೆಗೂ ಕೇಡು.

ಐದನೆಯದು ಪಾದರಸ. ಇದು ಹೊಗೆಯೊಡನೆ ಹೋಗಿ ಮಳೆಯೊಡನೆ ಇಳಿಯುತ್ತದೆ. ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವೆಂಬ ಘೋರ ವಿಷವನ್ನಾಗಿ ಮಾರ್ಪಡಿಸುತ್ತವೆ. ಅದು ಸಣ್ಣ ಜೀವಿಯಿಂದ ದೊಡ್ಡ ಜೀವಿಗೆ ಸಾಗುತ್ತ ಸಾಂದ್ರವಾಗುತ್ತ ಕೊನೆಗೆ ಮೀನು ತಿನ್ನುವ ಮನುಷ್ಯನನ್ನು ಸೇರುತ್ತದೆ. ಗರ್ಭದಲ್ಲಿರುವ ಶಿಶುವಿನ ಮಿದುಳಿಗೆ ಇದರಿಂದ ಅತಿ ಹೆಚ್ಚಿನ ಅಪಾಯ. ಈ ವಿಷ ಎಷ್ಟು ಭೀಕರವೆಂಬುದನ್ನು ಜಪಾನಿನ ಮಿನಮಾಟಾ ಊರು 1956ರಲ್ಲಿ ಲೋಕಕ್ಕೆ ತೋರಿಸಿತು. ಅಲ್ಲಿ ಪಾದರಸ ಬಂದದ್ದು ರಾಸಾಯನಿಕ ಕಾರ್ಖಾನೆಯಿಂದ, ಕಲ್ಲಿದ್ದಲಿನಿಂದಲ್ಲ. ಆದರೆ ಕೊಲ್ಲಿಯ ನೀರಿನಿಂದ ಮನುಷ್ಯನ ದೇಹಕ್ಕೆ ಅದು ನಡೆದುಬಂದ ದಾರಿ ಒಂದೇ.

ದೇಹದೊಳಗೆ ನಡೆಯುವ ಕ್ರಿಯೆ

ಮೂಗಿನ ಕೂದಲು, ಗಂಟಲಿನ ಲೋಳೆ, ಕೆಮ್ಮು ಇವು ದೇಹದ ಕಾವಲುಗಾರರು. ದಪ್ಪ ಧೂಳನ್ನು ಇವು ತಡೆಯುತ್ತವೆ. ಸೂಕ್ಷ್ಮ ಕಣಗಳು ಈ ಕಾವಲನ್ನು ತಪ್ಪಿಸಿಕೊಂಡು ಶ್ವಾಸಕೋಶದ ಕೊನೆಯ ಗಾಳಿಚೀಲಗಳನ್ನು ಸೇರುತ್ತವೆ. ಅತ್ಯಂತ ಸಣ್ಣವು ಅಲ್ಲಿಂದ ರಕ್ತಕ್ಕೂ ಇಳಿಯುತ್ತವೆ. ಆದ್ದರಿಂದ ಕೆಟ್ಟ ಗಾಳಿಯ ಪರಿಣಾಮವು ಕೆಮ್ಮು ದಮ್ಮುಗಳಿಗೆ ಮುಗಿಯುವುದಿಲ್ಲ. ರಕ್ತನಾಳಗಳ ಒಳಗೋಡೆ ಉರಿಯೂತಗೊಂಡು ಹೃದಯಾಘಾತ, ಪಾರ್ಶ್ವವಾಯುಗಳ ಸಂಭವವೂ ಹೆಚ್ಚುತ್ತದೆ. ಮಕ್ಕಳ ಶ್ವಾಸಕೋಶ ಪೂರ್ಣವಾಗಿ ಬೆಳೆಯದೆ ಉಳಿಯಬಹುದು. ಗರ್ಭಿಣಿಯರಿಗೆ ಕಡಿಮೆ ತೂಕದ ಶಿಶು ಹುಟ್ಟಬಹುದು. ಹೊರಗಿನ ವಾಯುಮಾಲಿನ್ಯದಿಂದ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 42 ಲಕ್ಷ ಅಕಾಲ ಮರಣಗಳು ಸಂಭವಿಸಿದವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಲ್ಲಿದ್ದಲು ಇದರ ಏಕೈಕ ಕಾರಣವಲ್ಲ; ವಾಹನ, ಕಸದ ಬೆಂಕಿ, ಒಲೆಯ ಹೊಗೆಗಳೂ ಸೇರಿವೆ. ಆದರೆ ಅದು ದೊಡ್ಡ ಪಾಲುದಾರ.

ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿಯು ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ಹೇಳಿತು. ನಮ್ಮ ದೇಶದಲ್ಲಿ 2009ರಿಂದ ಇರುವ ಮಿತಿ 40 ಮೈಕ್ರೋಗ್ರಾಂ. ಆದ್ದರಿಂದ ‘ಮಿತಿಯೊಳಗಿದೆ’ ಎಂಬ ಮಾತು ಕೇಳಿದಾಗ, ಯಾವ ಮಿತಿ ಎಂದು ವಿಚಾರಿಸುವುದು ವಿವೇಕ.

ತದಡಿ ಕಲಿಸಿದ ಪಾಠ

ಶಿರಸಿಯ ಸೀಮೆಯಲ್ಲಿ ಹುಟ್ಟಿ, ಘಟ್ಟವನ್ನಿಳಿದು, ಕುಮಟಾ ತಾಲ್ಲೂಕಿನಲ್ಲಿ ಕಡಲನ್ನು ಸೇರುವ ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಅವಳ ಅಳಿವೆಯಲ್ಲಿ ಸಿಹಿನೀರೂ ಉಪ್ಪುನೀರೂ ಋತುಮಾನಕ್ಕೆ ತಕ್ಕಂತೆ ತಮ್ಮ ಸಹಜವಾದ ಹದದಲ್ಲಿ ಬೆರೆಯುತ್ತವೆ. ಈ ಹದವನ್ನು ನಂಬಿಯೇ ಅಲ್ಲಿನ ಬದುಕು ನಡೆದಿದೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಮೀನುಮರಿಗಳು ಬೆಳೆಯುತ್ತವೆ. ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ನೀರಿಗಿಳಿದು ಬೆಳಚನ್ನು ಹೆಕ್ಕುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಈ ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳು ದೊರೆಯುತ್ತಿದ್ದವು. ಎರಡು ಸಾವಿರಕ್ಕೂ ಹೆಚ್ಚು ಮಂದಿ ನೇರವಾಗಿ ಆ ಕಾಯಕದಲ್ಲಿದ್ದರು.

ಈ ಅಳಿವೆಯ ಬಾಯಲ್ಲಿರುವ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರವನ್ನು ಕಟ್ಟುವ ಪ್ರಸ್ತಾಪವು 2006ರ ಸುಮಾರಿಗೆ ಬಂದಿತು. ಕೇಂದ್ರ ಸರ್ಕಾರದ ಬೃಹತ್ ವಿದ್ಯುತ್ ಯೋಜನೆಗಳ ಪಟ್ಟಿಯಲ್ಲಿ ಕರ್ನಾಟಕದ ಪಾಲಿಗೆ ಆರಿಸಲಾದ ಸ್ಥಳ ಅದಾಗಿತ್ತು. ವಿದೇಶದ ಕಲ್ಲಿದ್ದಲು ಹಡಗಿನಲ್ಲಿ ಬರಬೇಕು, ಕಡಲ ನೀರು ಯಂತ್ರಗಳನ್ನು ತಣಿಸಬೇಕು ಎಂಬುದು ಯೋಜನೆ.

ಇದರ ಗಾತ್ರವನ್ನು ಲೆಕ್ಕದಿಂದ ತಿಳಿಯೋಣ. ಇಂಥ ಸ್ಥಾವರವು ತನ್ನ ಸಾಮರ್ಥ್ಯದ ಶೇಕಡಾ 80ರಷ್ಟು ನಡೆದರೆ ವರ್ಷಕ್ಕೆ ಸುಮಾರು 2,800 ಕೋಟಿ ಯೂನಿಟ್ ವಿದ್ಯುತ್ತು ದೊರೆಯುತ್ತದೆ. ವಿದೇಶದ ಉತ್ತಮ ಕಲ್ಲಿದ್ದಲಾದರೂ ವರ್ಷಕ್ಕೆ ಸುಮಾರು 1.2 ಕೋಟಿ ಟನ್, ಅಂದರೆ ದಿನಕ್ಕೆ 33,000 ಟನ್ ಬೇಕಾಗುತ್ತದೆ. ಬೂದಿಯು ಶೇಕಡಾ 8 ಎಂದಿಟ್ಟುಕೊಂಡರೆ ದಿನಕ್ಕೆ 2,600 ಟನ್ನಿಗೂ ಹೆಚ್ಚು. ಹತ್ತು ಟನ್ನಿನ ಲಾರಿಗಳಲ್ಲಿ ತುಂಬಿದರೆ 260 ಲಾರಿ. ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಎರಡು ಕೋಟಿ ಟನ್ನಿಗೂ ಮಿಕ್ಕುತ್ತದೆ. ಒಂದು ಟನ್ ಕಲ್ಲಿದ್ದಲಿನಲ್ಲಿ ಗ್ರಾಮಿನ ಇಪ್ಪತ್ತನೆಯ ಒಂದು ಪಾಲಿನಷ್ಟೇ ಪಾದರಸವಿದೆಯೆಂದು ಇಟ್ಟುಕೊಂಡರೂ ವರ್ಷಕ್ಕೆ ಉರಿಯುವ ಕಲ್ಲಿದ್ದಲಿನಲ್ಲಿ 600 ಕಿಲೋ ಪಾದರಸವಿರುತ್ತದೆ. ಅದರಲ್ಲಿ ಒಂದು ಭಾಗ ಬೂದಿಗೆ, ಒಂದು ಭಾಗ ಆಕಾಶಕ್ಕೆ.

ನೀರಿನ ಲೆಕ್ಕವೂ ಇದೆ. ಕಡಲ ನೀರನ್ನು ಬಳಸುವ ಹೊಸ ಸ್ಥಾವರಗಳು ತೆಗೆದುಕೊಂಡ ನೀರಿಗಿಂತ 7 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾದ ನೀರನ್ನು ಮರಳಿ ಬಿಡಲು ನಮ್ಮ ನಿಯಮಗಳು ಅವಕಾಶ ಕೊಟ್ಟಿವೆ. ಮನುಷ್ಯನ ದೇಹದ ತಾಪ ಎರಡು ಡಿಗ್ರಿ ಏರಿದರೆ ಹಾಸಿಗೆ ಹಿಡಿಯುತ್ತಾನೆ. ಸ್ಥಳ ಬಿಟ್ಟು ಕದಲಲಾರದೆ ಕೆಸರಿನಲ್ಲಿ ಕುಳಿತ ಬೆಳಚಿನ ಪಾಡೇನು?

ಮೀನುಗಾರರು, ರೈತರು, ಪರಿಸರ ಸಂಘಟನೆಗಳು, ವಿಜ್ಞಾನಿಗಳು ಇವರೆಲ್ಲರ ವಿರೋಧದಿಂದ ಆ ಯೋಜನೆ ತದಡಿಯಲ್ಲಿ ನೆಲೆಗೊಳ್ಳಲಿಲ್ಲ. ಕಾರವಾರದ ಬಳಿಯ ಹಣಕೋಣದಲ್ಲಿ ಕಲ್ಲಿದ್ದಲು ಸ್ಥಾವರದ ಪ್ರಸ್ತಾಪ ಬಂದಾಗಲೂ ಜನರು ಒಪ್ಪಲಿಲ್ಲ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶವು ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸರ್ ಜೌಗುಪ್ರದೇಶವೆಂದು ಘೋಷಿತವಾಯಿತು. ಆ ಸಂದರ್ಭದಲ್ಲಿ ಸರ್ಕಾರವೇ ಹೇಳಿದಂತೆ, ಆರು ಸಾವಿರದಿಂದ ಏಳೂವರೆ ಸಾವಿರ ಕುಟುಂಬಗಳ ಜೀವನೋಪಾಯ ಈ ಅಳಿವೆಯನ್ನು ಅವಲಂಬಿಸಿದೆ.

ಹೊನ್ನಾವರದ ನೆರೆಯ ಉದಾಹರಣೆ

ಅಳಿವೆಯ ಹದ ತಪ್ಪಿದರೆ ಏನಾಗುತ್ತದೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಕುಮಟೆಯ ನೆರೆಯ ಹೊನ್ನಾವರದಲ್ಲಿ ಶರಾವತಿಯು ಕಡಲನ್ನು ಸೇರುತ್ತಾಳೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ವಿದ್ಯುತ್ತಿಗಾಗಿ ವರ್ಷವಿಡೀ ಸಿಹಿನೀರು ಕೆಳಗೆ ಹರಿಯತೊಡಗಿದ ಮೇಲೆ ಆ ಅಳಿವೆಯ ಉಪ್ಪಿನಂಶ ಕುಗ್ಗಿತು. ಚಿಪ್ಪುಜೀವಿಗಳು ಬಹುಮಟ್ಟಿಗೆ ಕಣ್ಮರೆಯಾದವೆಂದು ಸಂಶೋಧಕರು ದಾಖಲಿಸಿದ್ದಾರೆ. ಅಲ್ಲಿ ಹೊಗೆಯಿಲ್ಲ, ಬೂದಿಯಿಲ್ಲ. ನೀರಿನ ಉಪ್ಪು ಕಡಿಮೆಯಾದುದಷ್ಟೇ. ಅಷ್ಟಕ್ಕೇ ತಲೆಮಾರುಗಳ ಕಸುಬು ಸೊರಗಿತು. ಬೆಲೆ ತೆರದೆ ದೊರೆಯುವ ವಿದ್ಯುತ್ತು ಯಾವುದೂ ಇಲ್ಲ. ಬೆಲೆಯನ್ನು ಯಾರು ತೆರುತ್ತಾರೆ ಎಂಬುದಷ್ಟೇ ವ್ಯತ್ಯಾಸ.

ಎಲ್ಲೂರಿನ ಅನುಭವ

ಭಟ್ಕಳದಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ನೂರು ಕಿಲೋಮೀಟರಿಗೂ ಮಿಕ್ಕಿ ಹೋದರೆ ಪಡುಬಿದ್ರಿಯ ಬಳಿ ಎಲ್ಲೂರು ಸಿಗುತ್ತದೆ. ಅಲ್ಲಿ 2010 ಮತ್ತು 2012ರ ನಡುವೆ 600 ಮೆಗಾವಾಟಿನ ಎರಡು ಘಟಕಗಳು ಆರಂಭವಾದವು. ಕಲ್ಲಿದ್ದಲು ವಿದೇಶದ್ದು, ಮಂಗಳೂರು ಬಂದರಿನಲ್ಲಿಳಿದು ರೈಲಿನಲ್ಲಿ ಬರುತ್ತದೆ. ತಣಿಸುವುದಕ್ಕೆ ಕೊಳವೆಯಲ್ಲಿ ಕಡಲ ನೀರು ಬರುತ್ತದೆ. ಬೂದಿ ಹಾರಿ ಬೀಳುವುದು, ಉಪ್ಪುನೀರಿನ ತುಂತುರಿನಿಂದ ಮಲ್ಲಿಗೆ ಮೊದಲಾದ ಬೆಳೆಗಳು ಕೆಡುವುದು, ಬಾವಿಗಳು ಉಪ್ಪಾಗುವುದು ಇವುಗಳನ್ನು ಕುರಿತು ಸುತ್ತಲಿನ ಗ್ರಾಮಸ್ಥರು ವರ್ಷಗಟ್ಟಲೆ ದೂರಿದರು. ನಂದಿಕೂರಿನ ಜನಜಾಗೃತಿ ಸಮಿತಿಯು ನ್ಯಾಯಾಲಯದ ಮೆಟ್ಟಿಲೇರಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರಲ್ಲಿ ಐದು ಕೋಟಿ ರೂಪಾಯಿಗಳ ಮಧ್ಯಂತರ ಪರಿಹಾರವನ್ನೂ, 2022ರಲ್ಲಿ ಸುಮಾರು 52 ಕೋಟಿ ರೂಪಾಯಿಗಳ ಪರಿಸರ ಪರಿಹಾರವನ್ನೂ ವಿಧಿಸಿತು.

ಈಗ ಕುಮಟೆಯ ಮನೆಯೊಂದರಲ್ಲಿ ಸಂಜೆ ದೀಪ ಹೊತ್ತಿಸುವುದನ್ನು ಯೋಚಿಸಿ. ಆ ವಿದ್ಯುತ್ತು ಎಲ್ಲಿಂದ ಬಂತು? ಶರಾವತಿ, ಕಾಳಿ ನದಿಗಳ ಜಲಾಗಾರ, ಕೈಗಾದ ಅಣುಸ್ಥಾವರ, ಪಾವಗಡದ ಸೌರಫಲಕ, ರಾಯಚೂರು ಬಳ್ಳಾರಿ ಎಲ್ಲೂರುಗಳ ಕಲ್ಲಿದ್ದಲು ಎಲ್ಲವೂ ಒಂದೇ ತಂತಿಜಾಲದಲ್ಲಿ ಬೆರೆತು ಹರಿಯುತ್ತವೆ. ತದಡಿಯಲ್ಲಿ ಉರಿಯದ ಕಲ್ಲಿದ್ದಲು ಶಕ್ತಿನಗರದಲ್ಲಿ ಉರಿಯುತ್ತದೆ. ತನ್ನ ಅಳಿವೆಯನ್ನು ಉಳಿಸಿಕೊಂಡ ಊರಿಗೆ ಇನ್ನೊಂದು ಊರಿನ ಉಸಿರಿನ ಋಣವಿದೆ. ಇದನ್ನು ಮರೆತರೆ ನಮ್ಮ ಪರಿಸರ ಪ್ರೇಮವು ನಮ್ಮ ಹಿತ್ತಲಿನ ಬೇಲಿಯೊಳಗೇ ನಿಂತುಬಿಡುತ್ತದೆ.

ಈ ಋಣ ಬರಿಯ ಮಾತಲ್ಲ. ಗಂಧಕದ ಹೊಗೆಯನ್ನು ತಡೆಯುವ ಉಪಕರಣಗಳನ್ನು ಅಳವಡಿಸಲು ಅಗತ್ಯವಾಗುವ ಕಟ್ಟುನಿಟ್ಟಾದ ಮಿತಿಗಳನ್ನು ಕೇಂದ್ರ ಪರಿಸರ ಮಂತ್ರಾಲಯವು 2015ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಎರಡು ವರ್ಷದ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2025ರ ಜುಲೈನಲ್ಲಿ ದೊಡ್ಡ ನಗರಗಳಿಂದಲೂ ಅತಿಕಲುಷಿತ ಪ್ರದೇಶಗಳಿಂದಲೂ ದೂರವಿರುವ ಬಹುಪಾಲು ಸ್ಥಾವರಗಳಿಗೆ ಆ ಉಪಕರಣದಿಂದ ವಿನಾಯಿತಿ ದೊರೆಯಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಉಪಕರಣದ ವೆಚ್ಚ ಹೆಚ್ಚು ಎಂಬುದು ಅದಕ್ಕೆ ಕೊಟ್ಟ ಕಾರಣ. ದೊಡ್ಡ ನಗರದಿಂದ ದೂರವಿರುವ ಹಳ್ಳಿಯವನ ಶ್ವಾಸಕೋಶವೂ ನಗರದವನದರಂತೆಯೇ ಇದೆಯೆಂಬುದನ್ನು ನಾವು ನೆನಪಿಡಬೇಕು.

ಕಡಲು, ಮಳೆ ಮತ್ತು ಕರಾವಳಿ

ಇಂಗಾಲದ ಡೈಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನಲ್ಲಿ ಅದು ತಕ್ಷಣದ ವಿಷವೂ ಅಲ್ಲ. ಆದರೆ ಭೂಮಿಯಿಂದ ಹೊರಹೋಗಬೇಕಾದ ಶಾಖವನ್ನು ಅದು ಕಂಬಳಿಯಂತೆ ಹಿಡಿದಿಡುತ್ತದೆ. ಬಿಸಿಯಾದ ಕಡಲು ಹಿಗ್ಗುತ್ತದೆ, ಹಿಮಗಡ್ಡೆಗಳು ಕರಗುತ್ತವೆ, ಕಡಲ ಮಟ್ಟ ಏರುತ್ತದೆ. ಮಟ್ಟ ಏರಿದಂತೆ ಗಜನಿ ಗದ್ದೆಗಳ ಒಡ್ಡನ್ನು ದಾಟಿ ಉಪ್ಪುನೀರು ನುಗ್ಗುವುದು, ಕರೆಯ ಬಾವಿಗಳು ಉಪ್ಪಾಗುವುದು ಸಹಜ ಪರಿಣಾಮ. ಬಿಸಿಯಾದ ಗಾಳಿಯು ಹೆಚ್ಚು ತೇವವನ್ನು ಹೊತ್ತು ಒಮ್ಮೆಲೇ ಸುರಿಸುತ್ತದೆ. 2022ರ ಆಗಸ್ಟ್ 2ರಂದು ಭಟ್ಕಳದಲ್ಲಿ ಒಂದೇ ದಿನಕ್ಕೆ 500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಕುಟುಂಬದ ನಾಲ್ವರು ಮಡಿದರು. ಒಂದು ದಿನದ ಮಳೆಗೆ ಕಲ್ಲಿದ್ದಲೊಂದನ್ನೇ ಕಾರಣವೆನ್ನುವುದು ಸರಿಯಲ್ಲ. ಗುಡ್ಡವನ್ನು ಅಗೆಯುವುದು, ಕಾಡು ಕಡಿಯುವುದು ಇವೂ ಇಂಥ ಕುಸಿತಗಳಿಗೆ ಕಾರಣವಾಗುತ್ತವೆ. ಆದರೆ ಇಂಥ ಮಳೆಗಳ ಸಂಭವವನ್ನು ತಾಪಮಾನದ ಏರಿಕೆ ಹೆಚ್ಚಿಸುತ್ತದೆ ಎಂಬುದು ವಿಜ್ಞಾನದ ನಿರ್ಣಯ.

ಮನೆಯೊಳಗಿನ ಉರಿ

ಚಿಮಣಿಯ ಹೊಗೆಯನ್ನು ಕುರಿತು ಮಾತನಾಡುವಾಗ ನಮ್ಮ ಬಚ್ಚಲೊಲೆಯನ್ನು ಬಿಡುವಂತಿಲ್ಲ. ತೆಂಗಿನ ಸಿಪ್ಪೆ, ಅಡಕೆಯ ಹಾಳೆ, ಸೌದೆಗಳನ್ನು ಉರಿಸಿ ಹಂಡೆಯ ನೀರು ಕಾಯಿಸುವ ಮನೆಗಳು ಮಲೆನಾಡು ಕರಾವಳಿಗಳಲ್ಲಿ ಇಂದಿಗೂ ಬಹಳ. ಆ ಹೊಗೆಯಲ್ಲಿಯೂ ಅವೇ ಸೂಕ್ಷ್ಮ ಕಣಗಳಿವೆ. ಒಲೆಗೆ ಹೊಗೆಕೊಳವೆ ಇರಲಿ. ಭಾರತೀಯ ವಿಜ್ಞಾನ ಸಂಸ್ಥೆಯು ರೂಪಿಸಿದ ಅಸ್ತ್ರ ಒಲೆಯಂಥ ಸುಧಾರಿತ ಒಲೆಗಳಲ್ಲಿ ಸೌದೆಯೂ ಉಳಿಯುತ್ತದೆ, ಹೊಗೆಯೂ ಹೊರಗೆ ಹೋಗುತ್ತದೆ. ಪ್ಲಾಸ್ಟಿಕ್ಕನ್ನು ಮಾತ್ರ ಎಂದಿಗೂ ಒಲೆಗೆ ಹಾಕಬಾರದು.

ಇನ್ನೊಂದು ಎಚ್ಚರಿಕೆ ಪ್ರಾಣಕ್ಕೆ ಸಂಬಂಧಿಸಿದ್ದು. ಚಳಿಗೆಂದೋ ಬಾಣಂತಿಯ ಶಾಖಕ್ಕೆಂದೋ ಕೆಂಡದ ಅಗ್ಗಿಷ್ಟಿಕೆಯನ್ನು ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಡಕೂಡದು. ಗಾಳಿ ಸಾಲದೆ ಉರಿಯುವ ಇದ್ದಿಲು, ಕಲ್ಲಿದ್ದಲುಗಳು ಇಂಗಾಲದ ಮಾನಾಕ್ಸೈಡನ್ನು ಬಿಡುತ್ತವೆ. ಇದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಅನಂತರ ಮಂಪರು, ನಿದ್ರೆಯಲ್ಲಿಯೇ ಸಾವು. ವಾಸನೆಯಿಲ್ಲದ್ದರಿಂದ ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಹೀಗಾದರೆ ಬಾಗಿಲು ಕಿಟಕಿ ತೆರೆದು, ರೋಗಿಯನ್ನು ಕೂಡಲೇ ಹೊರಗಿನ ಗಾಳಿಗೆ ತಂದು, 108ಕ್ಕೆ ಕರೆಮಾಡಿ, ಆಮ್ಲಜನಕ ಕೊಡುವ ಆಸ್ಪತ್ರೆಗೆ ಒಯ್ಯಬೇಕು. ಬಚ್ಚಲಿನ ಗ್ಯಾಸ್ ಗೀಸರಿನಿಂದಲೂ ಇದೇ ಅಪಾಯವಿದೆ. ಅದನ್ನು ಗಾಳಿಯಾಡುವ ಸ್ಥಳದಲ್ಲಿಯೇ ಅಳವಡಿಸಬೇಕು.

ನಾವು ಮಾಡಬಹುದಾದುದು

ಸ್ನಾನದ ನೀರಿನ ಲೆಕ್ಕವನ್ನು ತೆಗೆದುಕೊಳ್ಳೋಣ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 42 ಡಿಗ್ರಿಗೆ ಕಾಯಿಸಲು ಸುಮಾರು ಅರ್ಧ ಯೂನಿಟ್ ವಿದ್ಯುತ್ತು ಬೇಕು. ನಾಲ್ವರ ಮನೆಯಲ್ಲಿ ದಿನಕ್ಕೆ ಎರಡು ಯೂನಿಟ್. ಅದು ಕಲ್ಲಿದ್ದಲಿನ ವಿದ್ಯುತ್ತಾದರೆ ದಿನಕ್ಕೆ 1.4 ಕಿಲೋ, ವರ್ಷಕ್ಕೆ 500 ಕಿಲೋ ಕಲ್ಲಿದ್ದಲು ನಮ್ಮ ಬಚ್ಚಲಿಗಾಗಿ ಎಲ್ಲಿಯೋ ಉರಿಯುತ್ತದೆ. ಅದರ ಮೂರನೆಯ ಎರಡು ಭಾಗ ಶಾಖ ದಾರಿಯಲ್ಲಿಯೇ ವ್ಯರ್ಥ. ಆದ್ದರಿಂದ ವಿದ್ಯುತ್ತಿನಿಂದ ನೀರು ಕಾಯಿಸುವುದಕ್ಕಿಂತ ಬಿಸಿಲಿನಿಂದ ಕಾಯಿಸುವುದು ಮೇಲು. ಮಳೆಗಾಲದ ನಾಲ್ಕು ತಿಂಗಳನ್ನು ಬಿಟ್ಟರೆ ಕರಾವಳಿಯಲ್ಲಿಯೂ ಸೌರ ಜಲತಾಪಕ ಚೆನ್ನಾಗಿ ಕೆಲಸ ಮಾಡುತ್ತದೆ.

60 ವಾಟಿನ ಹಳೆಯ ಬಲ್ಬಿನ ಬದಲು 9 ವಾಟಿನ ಎಲ್‌ಇಡಿ ದೀಪವನ್ನು ದಿನಕ್ಕೆ ಐದು ಗಂಟೆ ಉರಿಸಿದರೆ ವರ್ಷಕ್ಕೆ 93 ಯೂನಿಟ್ ಉಳಿಯುತ್ತದೆ. ಕಲ್ಲಿದ್ದಲಿನ ಲೆಕ್ಕದಲ್ಲಿ 65 ಕಿಲೋ. ಮನೆಯ ಮಾಡಿನ ಮೇಲೆ ಸೌರಫಲಕ ಹಾಕಿಸಲು 2024ರಲ್ಲಿ ಆರಂಭವಾದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿಗಳವರೆಗೆ ಸಹಾಯಧನವಿದೆ. ರಾಜ್ಯದ ಗೃಹಜ್ಯೋತಿಯಿಂದ ಬಿಲ್ಲು ಬಾರದಿರಬಹುದು. ಬಿಲ್ಲಿಲ್ಲವೆಂದ ಮಾತ್ರಕ್ಕೆ ಬೂದಿಯಿಲ್ಲವೆಂದಲ್ಲ. ಸಮಾರಂಭಗಳ ಅಲಂಕಾರದೀಪಗಳನ್ನು ಕಾರ್ಯ ಮುಗಿದೊಡನೆ ಆರಿಸುವುದೂ ಒಂದು ವ್ರತವಾಗಲಿ.

ಸ್ಥಾವರ ಅಥವಾ ಬೂದಿಕೊಳದ ಸಮೀಪ ವಾಸಿಸುವ ಭಕ್ತರು ಮನೆಯನ್ನು ಒಣಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ಬಾವಿಗೆ ಮುಚ್ಚಳ ಹಾಕಿ, ಆಗಾಗ ನೀರನ್ನು ಪರೀಕ್ಷೆಗೆ ಕೊಡಬೇಕು. ಧೂಳಿನ ದಿನ ಎನ್-95 ಮುಖಗವಸು ಧರಿಸಬೇಕು. ಮಾಮೂಲಿ ಬಟ್ಟೆಯು ಸೂಕ್ಷ್ಮ ಕಣಗಳನ್ನು ಸಾಕಷ್ಟು ತಡೆಯುವುದಿಲ್ಲ. ಉಬ್ಬಸದವರು ವೈದ್ಯರು ಕೊಟ್ಟ ಇನ್ಹೇಲರನ್ನು ತಾವಾಗಿಯೇ ನಿಲ್ಲಿಸಬಾರದು. ಮೂರು ವಾರ ಮೀರಿದ ಕೆಮ್ಮು, ಮೆಟ್ಟಿಲೇರುವಾಗ ಏದುಸಿರು, ಕಫದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಹೊಸ ಸ್ಥಾವರದ ಪ್ರಸ್ತಾಪ ಬಂದಾಗ ಕಾನೂನಿನಂತೆ ನಡೆಯುವ ಸಾರ್ವಜನಿಕ ಅಹವಾಲು ಸಭೆಗೆ ಹೋಗಿ, ಪರಿಸರ ವರದಿಯ ಕನ್ನಡ ಸಾರಾಂಶವನ್ನು ಕೇಳಿ ಪಡೆದು ಓದಿ, ಬರವಣಿಗೆಯಲ್ಲಿ ಅಭಿಪ್ರಾಯ ಸಲ್ಲಿಸುವುದು ನಾಗರಿಕರ ಹಕ್ಕು.

ಕಲ್ಲಿದ್ದಲನ್ನು ನಾಳೆಯೇ ನಿಲ್ಲಿಸಲಾಗದು. ಆಸ್ಪತ್ರೆಯ ಯಂತ್ರ, ರೈತನ ಪಂಪು, ವಿದ್ಯಾರ್ಥಿಯ ದೀಪ ಇವುಗಳಿಗೆ ಇಂದು ಅದೇ ಆಧಾರ. ಆದರೆ ಅವಶ್ಯಕತೆಗೂ ಅತಿಬಳಕೆಗೂ ನಡುವಿನ ಗೆರೆಯನ್ನು ಎಳೆಯುವುದು ಪ್ರತಿ ಮನೆಯ ಕೈಯಲ್ಲಿದೆ. ದಾಸೋಹವೆಂದರೆ ಮಿಕ್ಕಿದ್ದನ್ನು ಕೊಡುವುದಷ್ಟೇ ಅಲ್ಲ, ಇನ್ನೊಬ್ಬರ ಪಾಲನ್ನು ಕಸಿಯದಿರುವುದೂ ಹೌದು. ಅಘನಾಶಿನಿಯ ದಡದ ಜನ ತಮ್ಮ ನೀರನ್ನು ಉಳಿಸಿಕೊಂಡರು. ಶಕ್ತಿನಗರದ, ಕುಡಿತಿನಿಯ, ಎಲ್ಲೂರಿನ ಮಗುವಿಗೂ ಶುದ್ಧವಾದ ಉಸಿರು ದೊರೆಯಬೇಕಾದರೆ, ನಮ್ಮ ಮನೆಯಲ್ಲಿ ಅನಗತ್ಯವಾಗಿ ಉರಿಯುತ್ತಿರುವ ದೀಪದಿಂದಲೇ ಕೆಲಸ ಆರಂಭವಾಗಲಿ.